ನೆಮ್ಮದಿಯನ್ನು ಅಳೆಯಬಹುದೇ?

ಬಟ್ಟೆಯನ್ನು ಮೀಟರಿನಿಂದಲೂ ಅಕ್ಕಿಯನ್ನು ಕಿಲೋದಿಂದಲೂ ಜ್ವರವನ್ನು ಥರ್ಮಾಮೀಟರಿನಿಂದಲೂ ಅಳೆಯುತ್ತೇವೆ. ಮನುಷ್ಯನ ನೆಮ್ಮದಿಯನ್ನು ಅಳೆಯುವುದು ಹೇಗೆ? ಅವರವರನ್ನೇ ಕೇಳಿ ತಿಳಿಯಬೇಕು. ಹಾಗೆ ಕೇಳುವುದಕ್ಕೂ ಒಂದು ಕ್ರಮವಿದೆ. ಚೀನಾ ದೇಶದ ಉದಾಹರಣೆಯಿಂದ ಅದನ್ನು ನೋಡೋಣ.

ಅಮೇರಿಕದ ಮನಶ್ಶಾಸ್ತ್ರಜ್ಞ ಹ್ಯಾಡ್ಲಿ ಕ್ಯಾಂಟ್ರಿಲ್ ಅವರು 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಏಣಿಯನ್ನು ಬಳಸಿದರು. ಅದರ ಬುಡ 0, ಎಂದರೆ ಅತ್ಯಂತ ಕಷ್ಟದ ಬಾಳು. ತುದಿ 10, ಅತ್ಯುತ್ತಮವಾದ ಬಾಳು. "ಈಗ ನೀವು ಯಾವ ಮೆಟ್ಟಿಲಿನಲ್ಲಿದ್ದೀರಿ?" ಎಂಬುದೇ ಪ್ರಶ್ನೆ. 1985ರಲ್ಲಿ ಎಡ್ ಡೀನರ್ ಮತ್ತು ಸಂಗಡಿಗರು ಐದು ವಾಕ್ಯಗಳ ಮಾಪಕವೊಂದನ್ನು ಪ್ರಕಟಿಸಿದರು. ಪ್ರತಿ ವಾಕ್ಯವನ್ನು ಎಷ್ಟು ಒಪ್ಪುತ್ತೇವೆಂದು 1ರಿಂದ 7ರವರೆಗೆ ಅಂಕ ಕೊಡಬೇಕು. ಒಟ್ಟು ಅಂಕ 5ರಿಂದ 35ರೊಳಗೆ ಬರುತ್ತದೆ. ಈ ಎರಡು ಮಾಪಕಗಳನ್ನೂ ಚೀನೀ ಭಾಷೆಯಲ್ಲಿ ಬಳಸಿದ್ದಾರೆ.

ಆದರೆ ಪ್ರಶ್ನೆಯನ್ನು ಭಾಷಾಂತರಿಸಿದ ಮಾತ್ರಕ್ಕೆ ಅರ್ಥ ದಾಟುವುದಿಲ್ಲ. ಎರಡು ಭಾಷೆಗಳ ನಡುವೆ ಬೆಳೆಯುವ ನಮಗೆ ಇದು ಗೊತ್ತಿರುವ ಸಂಗತಿಯೇ. ಆದ್ದರಿಂದ ಭಾಷಾಂತರವನ್ನು ಇನ್ನೊಬ್ಬರಿಂದ ಮೂಲ ಭಾಷೆಗೆ ಮರಳಿಸಿ, ಎರಡನ್ನೂ ಹೋಲಿಸಿ ನೋಡುತ್ತಾರೆ. ಒಂದೇ ಭಾಷೆಯೊಳಗೂ ಎಡವಟ್ಟಾಗುವುದುಂಟು. 2012ರಲ್ಲಿ ಚೀನಾದ ಸರಕಾರಿ ದೂರದರ್ಶನದವರು ದಾರಿಯಲ್ಲಿ ಸಿಕ್ಕವರನ್ನು "ನೀವು ಸುಖವಾಗಿದ್ದೀರಾ?" ಎಂದು ಕೇಳುತ್ತ ಹೋದರು. ಅಲ್ಲಿ ಸುಖಕ್ಕೆ 'ಷಿಂಗ್‌ಫು' ಎನ್ನುತ್ತಾರೆ. ಮನೆತನದ ಹೆಸರು ಎಂಬ ಅರ್ಥದ ಶಬ್ದವೂ 'ಷಿಂಗ್' ಎಂದೇ ಕೇಳಿಸುತ್ತದೆ. ಕೂಲಿಕಾರರೊಬ್ಬರು "ನಿಮ್ಮ ಮನೆತನದ ಹೆಸರು ಫು ಎಂದೇ?" ಎಂದು ತಿಳಿದು ತಮ್ಮ ಮನೆತನದ ಹೆಸರನ್ನು ಹೇಳಿದರು! ದೇಶವೆಲ್ಲ ನಕ್ಕಿತು.

ಇಷ್ಟು ತೊಡಕಿದ್ದರೂ ಅಳೆದುದು ವ್ಯರ್ಥವಲ್ಲ. ಅರ್ಥಶಾಸ್ತ್ರಜ್ಞ ರಿಚರ್ಡ್ ಈಸ್ಟರ್ಲಿನ್ ಮತ್ತು ಸಂಗಡಿಗರು 1990ರಿಂದ 2010ರವರೆಗಿನ ಹಲವು ಸಮೀಕ್ಷೆಗಳನ್ನು ಒಟ್ಟಿಗಿಟ್ಟು 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಆ ಇಪ್ಪತ್ತು ವರ್ಷಗಳಲ್ಲಿ ಚೀನೀಯರು ತಲಾ ಬಳಸುವ ಸಾಮಗ್ರಿ, ಸೌಕರ್ಯಗಳು ನಾಲ್ಕು ಪಟ್ಟಾದರೂ ಹೆಚ್ಚಿದ್ದವು. ಆದರೂ ಬಾಳಿನ ತೃಪ್ತಿ ಮೊದಲು ಇಳಿಯಿತು. 2000–2005ರ ಸುಮಾರಿಗೆ ತಳ ಮುಟ್ಟಿ, ಆಮೇಲೆ ಏರತೊಡಗಿತು. ಬಡವರ ತೃಪ್ತಿಯೇ ಹೆಚ್ಚು ಕುಸಿದಿತ್ತು.

ಕಾರಣವೇನು? ಮೊದಲು ಸರಕಾರಿ ಕಾರ್ಖಾನೆಯ ಕೆಲಸವೆಂದರೆ ಜೀವನಪೂರ್ತಿ ಕೆಲಸ; ಅದರೊಡನೆ ಮನೆ, ಔಷಧೋಪಚಾರ, ಪಿಂಚಣಿ. ಅದನ್ನು ಅಲ್ಲಿಯವರು 'ಕಬ್ಬಿಣದ ಅನ್ನದ ಬಟ್ಟಲು' ಎನ್ನುತ್ತಿದ್ದರು, ಒಡೆಯದ ಬಟ್ಟಲು ಎಂಬ ಅರ್ಥದಲ್ಲಿ. 1990ರ ದಶಕದಲ್ಲಿ ಆ ಬಟ್ಟಲೂ ಒಡೆಯಿತು. ಕೋಟಿಗಟ್ಟಲೆ ಜನ ಕೆಲಸ ಕಳೆದುಕೊಂಡರು. ದೇಶದ ಆದಾಯವನ್ನಷ್ಟೇ ನೋಡಿದ್ದರೆ ಅವರ ದುಃಖ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಇದ್ದುದರಲ್ಲಿ ತೃಪ್ತನಾದವನು ಸದಾ ಸುಖಿ ಎಂಬ ಗಾದೆ ಚೀನೀಯರಲ್ಲೂ ಇದೆ. ನಾಳಿನ ಅನ್ನದ, ಔಷಧಿಯ ಚಿಂತೆ ಇರುವವನಿಗೆ ಗಾದೆಯೊಂದೇ ಸಾಲದೆಂದು ಈ ಅಂಕಗಳು ನಮಗೆ ತಿಳಿಸುತ್ತವೆ.