ಹೊಲದ ನಡುವಿನ ಹಾದಿಗೊಂದು ಹಕ್ಕುಪತ್ರ

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಗೋಧಿ ಹೊಲವನ್ನು ಸೀಳಿಕೊಂಡು, ಕುರಿ ಮೇಯುವ ಹುಲ್ಲುಗಾವಲನ್ನು ಹಾದು, ಯಾರದೋ ಹಿತ್ತಲಿನ ಗೋಡೆಗೆ ಅಂಟಿಕೊಂಡೇ ಸಾಗುವ ಕಾಲುದಾರಿಗಳಿವೆ. ನೆಲ ಒಡೆಯನದು, ಅದರ ಮೇಲೆ ನಡೆದುಹೋಗುವ ಹಕ್ಕು ಎಲ್ಲರದು. ವೇಲ್ಸನ್ನೂ ಸೇರಿಸಿಕೊಂಡರೆ ಇಂಥ ಸಾರ್ವಜನಿಕ ಹಾದಿಗಳ ಉದ್ದ ಸುಮಾರು 2,25,000 ಕಿಲೋಮೀಟರ್. ರಜೆಯಲ್ಲಿ ಬೂಟು ಕಟ್ಟಿಕೊಂಡು ಹೊರಟವರಿಗೆ ಇವು ಹಸಿರು ತೋರಿಸುವ ಸೌಕರ್ಯವಾಗಿ ಕಾಣುತ್ತವೆ. ಆದರೆ ಆ ನಾಡಿನ ಕೋಟೆ, ಅರಮನೆಗಳಿಗಿಂತ ದೊಡ್ಡ ಸ್ಮಾರಕ ಈ ಹಾದಿಗಳೇ. ಅವು ಉಳಿದದ್ದೂ ಚೆಲುವಿನ ಬಲದಿಂದಲ್ಲ, ಜನರ ನಡಿಗೆಯನ್ನು ಕಾನೂನು ಹಕ್ಕೆಂದು ಬರೆದಿಟ್ಟುಕೊಂಡದ್ದರಿಂದ.

ಕೋಟೆ ಕಟ್ಟಿಸಿದವನ ಹೆಸರು ಶಾಸನದಲ್ಲಿರುತ್ತದೆ. ಹಾದಿಯನ್ನು ಮಾಡಿದವರು ಗಣಿಗೆ, ಗಿರಣಿಗೆ, ಸಂತೆಗೆ, ಚರ್ಚಿಗೆ ಹೋಗುತ್ತಿದ್ದ ಹೆಸರಿಲ್ಲದ ಜನ. ವಾಯವ್ಯದ ಲೇಕ್ ಡಿಸ್ಟ್ರಿಕ್ಟ್ ಬೆಟ್ಟಗಳಲ್ಲಿರುವ ಹೆಣದ ಹಾದಿಗಳನ್ನೇ ನೋಡಿ. ಸಣ್ಣ ಊರುಗಳಿಗೆ ಸ್ವಂತ ಸ್ಮಶಾನವಿರುತ್ತಿರಲಿಲ್ಲ. ಹೂಳುವ ಅಧಿಕಾರ ತಾಯಿ ಚರ್ಚಿನ ಕೈಯಲ್ಲಿತ್ತು. ಹಾಗಾಗಿ ಮಾರ್ಡೇಲ್ ಎಂಬ ಹಳ್ಳಿಯವರು ಸತ್ತವರನ್ನು ಕುದುರೆಯ ಮೇಲೆ ಹೇರಿಕೊಂಡು, ಬೆಟ್ಟ ಹತ್ತಿಳಿದು, ಶ್ಯಾಪ್ ಊರಿಗೆ ಒಯ್ಯಬೇಕಿತ್ತು. ಹಾಗೆ ಕೊನೆಯ ಹೆಣ ಹೋದದ್ದು 1736ರಲ್ಲಿ. ಮುಂದೆ 1930ರ ದಶಕದಲ್ಲಿ ಮ್ಯಾಂಚೆಸ್ಟರ್ ನಗರಕ್ಕೆ ಕುಡಿಯುವ ನೀರೊದಗಿಸಲು ಹಾಸ್‌ವಾಟರ್ ಅಣೆಕಟ್ಟು ಎದ್ದಿತು, ಮಾರ್ಡೇಲ್ ಮುಳುಗಿತು. ಊರಿಲ್ಲ, ಚರ್ಚಿಲ್ಲ, ಬೆಟ್ಟದ ಮೇಲಿನ ಹಾದಿ ಮಾತ್ರ ಇದೆ. ಬಡ ಹಳ್ಳಿಯೊಂದು ದೂರದ ಅಧಿಕಾರಕ್ಕೆ ತಲೆಬಾಗಿ ಬದುಕಿದ ಬಗೆಯನ್ನು ಆ ಏರು ಕಾಲಿಗೇ ತಿಳಿಸುತ್ತದೆ. ವಸ್ತುಸಂಗ್ರಹಾಲಯದ ಫಲಕಕ್ಕೆ ಅಷ್ಟು ಸಾಧ್ಯವಿಲ್ಲ.

ಬಳಸಿದ ಮಾತ್ರಕ್ಕೆ ಹಾದಿ ಉಳಿಯುತ್ತದೆ ಎನ್ನುವುದು ಅರ್ಧ ಸತ್ಯ. ಬೇಟೆಯ ಹಕ್ಕಿಗಳಿಗೆಂದು ಜಮೀನ್ದಾರರು ಬೆಟ್ಟಗಳನ್ನೇ ಮುಚ್ಚಿದಾಗ ಬಳಕೆಗೆ ಬೆಲೆ ಬರಲಿಲ್ಲ. 1932ರ ಏಪ್ರಿಲ್ 24ರಂದು ನೂರಾರು ಮಂದಿ, ಬಹುಪಾಲು ಮ್ಯಾಂಚೆಸ್ಟರ್ ಕಡೆಯ ಯುವ ಕಾರ್ಮಿಕರು, ಬೆನ್ನಿ ರಾಥ್‌ಮನ್ ಮುಂದಾಳತ್ವದಲ್ಲಿ ಕಿಂಡರ್ ಸ್ಕೌಟ್ ಬೆಟ್ಟವನ್ನು ಬೇಕೆಂದೇ ಅತಿಕ್ರಮಿಸಿದರು. ಐವರು ಜೈಲಿಗೆ ಹೋದರು. ಇಂಥ ಒತ್ತಾಯಗಳೆಲ್ಲ ಕೂಡಿ 1949ರ ಕಾಯ್ದೆ ಬಂತು. ಕೌಂಟಿ ಆಡಳಿತಗಳು ತಮ್ಮ ವ್ಯಾಪ್ತಿಯ ಹಾದಿಗಳನ್ನು ಅಳೆದು ಅಧಿಕೃತ ನಕ್ಷೆಗೇರಿಸಬೇಕೆಂದು ಅದು ವಿಧಿಸಿತು. ನಕ್ಷೆಯಲ್ಲಿ ಗೆರೆ ಇದ್ದರೆ ಹಕ್ಕು ಇದ್ದಂತೆ, ಜಮೀನು ಎಷ್ಟು ಕೈ ಬದಲಾದರೂ ಸರಿ. ಗೆರೆಯಿಲ್ಲದ ಕಡೆಯೂ ಜನ 20 ವರ್ಷ ತಡೆಯಿಲ್ಲದೆ, ಹಕ್ಕಿನಿಂದಲೆಂಬಂತೆ ನಡೆದಿದ್ದರೆ, ಒಡೆಯ ಅದನ್ನು ಹಾದಿಗೆ ಬಿಟ್ಟುಕೊಟ್ಟಿದ್ದಾನೆಂದೇ ಕಾನೂನು ಸಾಮಾನ್ಯವಾಗಿ ಭಾವಿಸುತ್ತದೆ.

ಇದು ರೈತನ ಮೇಲಿನ ಹೊರೆಯಲ್ಲವೇ? ಪ್ರಶ್ನೆ ನ್ಯಾಯವಾದದ್ದು. ಬಿಟ್ಟ ನಾಯಿಗಳು ಕುರಿಗಳನ್ನು ಕಚ್ಚುತ್ತವೆ, ತೆರೆದಿಟ್ಟ ಗೇಟಿನಿಂದ ದನ ಹೊರಬೀಳುತ್ತದೆ, ಹಾದಿಗೆ ಬಿಟ್ಟ ನೆಲದಲ್ಲಿ ಬೆಳೆ ಇಲ್ಲ. ಕಾನೂನು ಇದಕ್ಕೆ ಕೊಟ್ಟ ಉತ್ತರ ಹದವಾದದ್ದು. ಹೊಲದ ನಡುವಿನ ಹಾದಿಯನ್ನು ರೈತ ಉಳಬಹುದು, ಆದರೆ ಸಾಮಾನ್ಯವಾಗಿ 14 ದಿನದೊಳಗೆ ಮತ್ತೆ ನಡೆಯುವಂತೆ ಮಾಡಿಕೊಡಬೇಕು. ನಡೆಯುವವನಿಗೆ ದಕ್ಕುವುದು ಹಾದಿ ಮಾತ್ರ, ಹೊಲವಲ್ಲ. ಇನ್ನೊಂದು ಸಾಕ್ಷ್ಯವೂ ಇದೆ. 2001ರಲ್ಲಿ ಕಾಲುಬಾಯಿ ಜ್ವರ ಹಬ್ಬಿದಾಗ ಹಾದಿಗಳನ್ನು ಮುಚ್ಚಲಾಯಿತು. ಕೆಲವೇ ವಾರಗಳಲ್ಲಿ ಹಳ್ಳಿಯ ವಸತಿಗೃಹ, ಚಹಾದಂಗಡಿ, ಪಬ್‌ಗಳೆಲ್ಲ ಬಿಕೋ ಎಂದವು. ದನಕರು ಕಳೆದುಕೊಂಡ ರೈತರ ಸಂಕಟ ದೊಡ್ಡದೇ. ಆದರೆ ನಡೆದು ಬರುವವರನ್ನೇ ನೆಚ್ಚಿಕೊಂಡ ಕುಟುಂಬಗಳು ಎಷ್ಟಿವೆಯೆಂದು ಆಗಲೇ ಎಲ್ಲರಿಗೂ ತಿಳಿದದ್ದು. ಎಲ್ಲರೂ ಈ ಹಾದಿ ತುಳಿಯಲಾರರು ಎಂಬ ಆಕ್ಷೇಪಕ್ಕೆ ಮಾತ್ರ ಪೂರ್ತಿ ಉತ್ತರವಿಲ್ಲ. ಹತ್ತಿ ದಾಟಬೇಕಾದ ಬೇಲಿಮೆಟ್ಟಿಲುಗಳ ಬದಲು ಗೇಟು ಇಡುವ ಕೆಲಸ ನಡೆದಿದೆ, ಇನ್ನೂ ಬೇಕಾದಷ್ಟಿದೆ.

ನಕ್ಷೆಗೇರದೆ ತಪ್ಪಿಹೋದ ಹಳೆಯ ಹಾದಿಗಳನ್ನು ಹುಡುಕಲು ಸ್ವಯಂಸೇವಕರು ದಾಖಲೆ ಕೋಣೆಗಳಲ್ಲಿ ಕೂತು ಚರ್ಚಿನ ತೆರಿಗೆಯ ಹಳೆಯ ನಕ್ಷೆಗಳನ್ನು ಬಿಡಿಸುತ್ತಿದ್ದಾರೆ. ಅವರನ್ನು ನೋಡಿದಾಗ ನಮ್ಮ ಗ್ರಾಮ ನಕಾಶೆಗಳು ನೆನಪಾಗದೆ ಇರವು. ಅವುಗಳಲ್ಲೂ ಬಂಡಿದಾರಿ, ಕಾಲುದಾರಿಗಳನ್ನು ಗುರುತಿಸಲಾಗಿದೆ. ಹೊಲಕ್ಕೆ ಹೋಗುವ ದಾರಿಯನ್ನು ಯಾರೋ ಉತ್ತುಬಿಟ್ಟರೆ ರೈತ ‘ನಕಾಶೆ ಕಂಡ ದಾರಿ’ ಎಂದೇ ತಹಸೀಲ್ದಾರರ ಮುಂದೆ ವಾದಿಸುತ್ತಾನೆ. ಸಂತೆಗೂ ಜಾತ್ರೆಗೂ ಜನ ಸಾಗಿದ್ದ ದಾರಿಗಳನ್ನು ಪರಂಪರೆಯೆಂದು ಗುರುತಿಸಿ ನಡೆಯಲು ಹೊರಡುವವರಿಗೂ ಅದೇ ನಕಾಶೆ ಸಾಕು. ಅದರ ಪ್ರತಿ ಸರ್ವೆ ಇಲಾಖೆಯಲ್ಲಿ ಸಿಗುತ್ತದೆ.