ನೃತ್ಯವು ಗಾನದ ಅನುಚರಿಯೆ?

ಶಾಲೆಯ ವಾರ್ಷಿಕೋತ್ಸವದ ನೃತ್ಯಕ್ಕೆ ಬಾಲಿಕೆಯರನ್ನು ಆರಿಸುವಾಗಲೆಲ್ಲ ನಮ್ಮ ಕಿವಿಗೆ ಬೀಳುವ ಮಾತೊಂದುಂಟು: “ನಮ್ಮ ಹುಡುಗಿಗೆ ಹಾಡು ಬಾರದು, ಕುಣಿತವಂತೂ ದೂರವೇ ಉಳಿಯಿತು.” ತಾಯಿತಂದೆಗಳು ಇದನ್ನು ವಿನಯದಿಂದಲೇ ಆಡುವರು. ಆದರೆ ಇದರಿಂದಾಗಿ ಅನೇಕ ಮಕ್ಕಳು ಒಂದು ಕಲೆಯ ಬಾಗಿಲಿನಿಂದಲೇ ಹಿಂದಿರುಗುವರು. ಆದಕಾರಣ, ಸಂಗೀತದ ಆಶ್ರಯವಿಲ್ಲದೆ ನೃತ್ಯವು ತಾನಾಗಿ ನಿಲ್ಲಬಲ್ಲುದೆ ಎಂಬುದನ್ನು ಇಲ್ಲಿ ವಿಚಾರಿಸುವುದು ಉಚಿತವೆಂದು ನಮಗೆ ತೋರಿದೆ.

ಮೇಲಿನ ಮಾತಿಗೆ ಶಾಸ್ತ್ರದ ಬೆಂಬಲವಿಲ್ಲದಿಲ್ಲ. 13ನೆಯ ಶತಮಾನದಲ್ಲಿ ಶಾರ್ಙ್ಗದೇವನು ರಚಿಸಿದ ‘ಸಂಗೀತ ರತ್ನಾಕರ’ವು ಗೀತ, ವಾದ್ಯ, ನೃತ್ತಗಳೆಂಬ ಮೂರನ್ನೂ ಕೂಡಿಸಿ ಸಂಗೀತವೆಂದು ಕರೆಯುತ್ತದೆ, ನೃತ್ತವು ವಾದ್ಯವನ್ನೂ ವಾದ್ಯವು ಗೀತವನ್ನೂ ಅನುಸರಿಸುವುದರಿಂದ ಗೀತವೇ ಪ್ರಧಾನವೆಂದು ಹೇಳುತ್ತದೆ. ಆದರೆ ಅದಕ್ಕಿಂತ ಬಹು ಪ್ರಾಚೀನವಾದ ಭರತನ ‘ನಾಟ್ಯಶಾಸ್ತ್ರ’ದ ನಾಲ್ಕನೆಯ ಅಧ್ಯಾಯದಲ್ಲಿ ಋಷಿಗಳು ಒಂದು ಸೂಕ್ಷ್ಮವಾದ ಪ್ರಶ್ನೆಯನ್ನೆತ್ತುವರು. ನೃತ್ತವು ಗೀತದ ಅರ್ಥವನ್ನು ತಿಳಿಸುವುದಿಲ್ಲವಷ್ಟೆ. ಹಾಗಾದರೆ ಅದನ್ನು ಏತಕ್ಕಾಗಿ ನಿರ್ಮಿಸಿದರು? ಅದು ಬೇರಾವ ಪ್ರಯೋಜನವನ್ನೂ ಅಪೇಕ್ಷಿಸದು, ಶೋಭೆಯನ್ನುಂಟುಮಾಡುವುದೇ ಅದರ ಕಾರಣವೆಂಬುದು ಭರತನ ಉತ್ತರದ ತಾತ್ಪರ್ಯ. ಅದೇ ಅಧ್ಯಾಯದಲ್ಲಿ 108 ಕರಣಗಳ ಲಕ್ಷಣವಿದೆ. ಕೈ ಎಲ್ಲಿರಬೇಕು, ಪಾದ ಹೇಗೆ ಊರಬೇಕು, ನಡು ಯಾವ ಕಡೆಗೆ ಬಾಗಬೇಕು ಎಂಬ ದೇಹದ ವ್ಯಾಕರಣವೇ ಅದು.

ಈ ವ್ಯಾಕರಣವನ್ನು ಕಣ್ಣಿನಿಂದಲೇ ಕಲಿಸುತ್ತಿದ್ದ ಒಂದು ಶಾಲೆಯು ನಮ್ಮ ಕೌಲ್ ಬಜಾರಿನಿಂದ ಸುಮಾರು 60 ಕಿಲೋಮೀಟರು ದೂರದ ವಿಜಯನಗರದಲ್ಲಿತ್ತು. ಸುಮಾರು 1520ರಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ, ಅಲ್ಲಿಗೆ ಬಂದಿದ್ದ ಪೋರ್ತುಗೀಸ ಯಾತ್ರಿಕ ಡೊಮಿಂಗೊ ಪಾಯಸ್‌ನು ಅರಮನೆಯ ನರ್ತನಶಾಲೆಯನ್ನು ವರ್ಣಿಸಿದ್ದಾನೆ. ಆ ಶಾಲೆಯಲ್ಲಿ ಫಲಕಗಳಿದ್ದವು. ಒಂದೊಂದು ಫಲಕದಲ್ಲಿಯೂ ಒಂದು ನೃತ್ಯದ ಕೊನೆಯಲ್ಲಿ ನರ್ತಕಿಯು ನಿಲ್ಲಬೇಕಾದ ಭಂಗಿಯನ್ನು ತೋರಿಸಿತ್ತು. ಕಲಿಯುವವಳು ಮರೆತರೆ ಆ ಫಲಕವನ್ನು ನೋಡಿ ನೆನಪಿಗೆ ತಂದುಕೊಳ್ಳಬಹುದಾಗಿತ್ತು. ಇನ್ನೊಂದು ಕಡೆ, ಕೈಗಳಿಂದ ಹಿಡಿದುಕೊಂಡು ಮೈಕಾಲುಗಳನ್ನು ಎಳೆದು ಸಡಿಲಗೊಳಿಸಿಕೊಳ್ಳಲು ಪ್ರತ್ಯೇಕ ಸ್ಥಳವೂ ಇತ್ತಂತೆ. ರಾಗವನ್ನು ಕಿವಿಯಿಂದ ನೆನೆಯುವಂತೆ ನೃತ್ಯವನ್ನು ಕಣ್ಣಿನಿಂದಲೂ ಮೈಯಿಂದಲೂ ನೆನೆಯಬೇಕೆಂಬುದನ್ನು ಆ ಶಿಕ್ಷಕರು ಚೆನ್ನಾಗಿ ಅರಿತಿದ್ದರು. ಅಲ್ಲಿಯ ಅರಮನೆಗಳಲ್ಲಿ ಈಗ ತಳಪಾಯಗಳಷ್ಟೇ ಉಳಿದಿವೆ. ಆದರೂ ಹಂಪೆಯ ಮಹಾನವಮಿ ದಿಬ್ಬದ ಗೋಡೆಗಳ ಮೇಲೆ ನರ್ತಕಿಯರ ಸಾಲುಗಳನ್ನು ಇಂದಿಗೂ ಕಾಣಬಹುದು. ಕಲ್ಲಿನಲ್ಲಿ ಹಾಡು ಕೇಳಿಸದು. ಕುಣಿತವು ಮಾತ್ರ ಕಾಣುತ್ತಲೇ ಇದೆ.

“ತಾಳವಿಲ್ಲದ ಕುಣಿತವುಂಟೆ? ತಾಳವೂ ಸಂಗೀತವೇ ಅಲ್ಲವೆ?” ಎಂದು ವಾಚಕರು ಕೇಳಬಹುದು. ಲಯವು ಸಂಗೀತದ ಒಂದರ ಸ್ವತ್ತಲ್ಲವೆಂದು ನಮ್ಮ ಅಭಿಪ್ರಾಯ. ಅದು ಉಸಿರಿನಲ್ಲಿ, ನಾಡಿಯಲ್ಲಿ, ನಡಿಗೆಯಲ್ಲಿ ಮೊದಲೇ ಇದೆ; ಬೀಸುವ, ಕುಟ್ಟುವ ಕೈಗಳಿಗೂ ಅದು ಗೊತ್ತು. ಭರತನಾಟ್ಯದ ಗುರುಗಳು ಅಡವುಗಳನ್ನು ಕಲಿಸುವಾಗ ಹಾಡನ್ನು ಬದಿಗಿಟ್ಟು, ಕೋಲಿನಿಂದ ಮಣೆಯನ್ನು ತಟ್ಟುತ್ತ ಸೊಲ್ಲುಗಳನ್ನು ಮಾತ್ರ ಹೇಳುವ ಪದ್ಧತಿಯುಂಟು. ಹೆಜ್ಜೆ ಗಟ್ಟಿಯಾದ ಮೇಲೆ ಹಾಡು ಬರುತ್ತದೆ.

ಇದೇ ವಿಚಾರವನ್ನು ಹೊರದೇಶಗಳ ಕಲಾವಿದರು ಇನ್ನೂ ಮುಂದಕ್ಕೊಯ್ದರು. ಅಮೆರಿಕದ ಡೋರಿಸ್ ಹಂಫ್ರಿಯವರು 1928ರಲ್ಲಿ ‘ವಾಟರ್ ಸ್ಟಡಿ’ ಎಂಬ ನೃತ್ಯವನ್ನು ಯಾವ ವಾದ್ಯವೂ ಇಲ್ಲದೆ ರಚಿಸಿದರು. ನರ್ತಕಿಯರು ಉಸಿರಿನ ಲಯವನ್ನೇ ಹಿಡಿದು ಅಲೆಗಳಂತೆ ಏಳುತ್ತ ಬೀಳುತ್ತ ಹೋಗುವರು. ಅದೇ ದೇಶದ ಮರ್ಸ್ ಕನಿಂಗ್‌ಹ್ಯಾಮರೂ ಸಂಗೀತಕಾರ ಜಾನ್ ಕೇಜರೂ ನೃತ್ಯವನ್ನೂ ಸಂಗೀತವನ್ನೂ ಬೇರೆಬೇರೆಯಾಗಿ ಸಿದ್ಧಪಡಿಸಿ, ಒಂದೇ ರಂಗದ ಮೇಲೆ ಒಂದೇ ಕಾಲಕ್ಕೆ ನಡೆಯಿಸಿದರು. ಒಂದು ಇನ್ನೊಂದನ್ನು ಹಿಂಬಾಲಿಸಬೇಕೆಂಬ ನಿಯಮವನ್ನು ಅವರು ಇಟ್ಟುಕೊಳ್ಳಲಿಲ್ಲ.

ಎಲ್ಲಕ್ಕಿಂತ ಬಲವಾದ ಪ್ರಮಾಣವನ್ನು ನಾವು ಕಾಣುವುದು ಕಿವಿ ಕೇಳದ ನರ್ತಕರಲ್ಲಿ. 2005ರಲ್ಲಿ ಚೀನಾ ದೇಶದ ಹೊಸವರ್ಷದ ದೂರದರ್ಶನ ಕಾರ್ಯಕ್ರಮದಲ್ಲಿ 21 ಮಂದಿ ಕಿವುಡ ಕಲಾವಿದರು ‘ಸಹಸ್ರಹಸ್ತ ಗುವಾನ್‌ಯಿನ್’ ಎಂಬ ನೃತ್ಯವನ್ನು ಆಡಿದರು. ಒಬ್ಬರ ಹಿಂದೊಬ್ಬರು ನಿಂತು ಅವರು ಚಾಚಿದ ಕೈಗಳು ಒಂದೇ ಮೂರ್ತಿಯ ಕೈಗಳಂತೆ ಅರಳಿದವು. ಜತೆಗೆ ಸಂಗೀತವಿತ್ತು, ಅದು ಕೇಳಿಸಿದ್ದು ಪ್ರೇಕ್ಷಕರಿಗೆ. ನರ್ತಕರಿಗೆ ಕಾಲವನ್ನು ತಿಳಿಸಿದ್ದು ರಂಗದ ಮೂಲೆಗಳಲ್ಲಿ ನಿಂತ ಶಿಕ್ಷಕರ ಕೈಸನ್ನೆ ಮತ್ತು ದೀರ್ಘವಾದ ಅಭ್ಯಾಸ.

ಸಂಗೀತವನ್ನು ರಂಗದಿಂದ ಹೊರಗಟ್ಟಬೇಕೆಂದು ನಾವು ಹೇಳುತ್ತಿಲ್ಲ. ಗಾನವೂ ನೃತ್ಯವೂ ಒಂದು ಮನೆಯ ಅಕ್ಕತಂಗಿಯರು. ಕೂಡಿ ಬಂದರೆ ಮನೆಗೆ ಶೋಭೆ. ಆದರೆ ತಂಗಿಯನ್ನು ಅಕ್ಕನ ದಾಸಿಯೆಂದು ಎಣಿಸಲಾಗದು.

ಬೇರೆ ಬೇರೆ ಊರುಗಳಲ್ಲಿ ಉಪಾಧ್ಯಾಯಿನಿಯರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಹಾರ್ಮೋನಿಯಮನ್ನು ಮುಚ್ಚಿಟ್ಟು ಒಂದು ಪಾಠವನ್ನು ನಡೆಯಿಸಿ ನೋಡಲಿ. ಹಾಡಿನ ಮರೆಯಲ್ಲಿ ಅಡಗಿದ್ದ ಸಡಿಲ ಹೆಜ್ಜೆಗಳೂ, ಅದುವರೆಗೆ ಯಾರೂ ಗಮನಿಸದಿದ್ದ ಒಳ್ಳೆಯ ಹೆಜ್ಜೆಗಳೂ ಆಗ ಕಾಣುವುವು. ಪೋಷಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ: ಸ್ವರ ಹಿಡಿಯಲಾರದ ಮಗಳನ್ನೂ, ಕಿವಿ ಮಂದವಾದ ಮಗಳನ್ನೂ ಆ ಕಾರಣಕ್ಕಾಗಿ ಮನೆಯಲ್ಲಿ ನಿಲ್ಲಿಸಿಕೊಳ್ಳದೆ ನೃತ್ಯದ ತರಗತಿಗೆ ಕಳುಹಿಸಿಕೊಡಿರಿ.