ಅರ್ಧ ಬೆಲೆಯ ಸಂಜೆ

ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್ ನೋಡಿ ಬಂದವರ ಮೊಬೈಲ್‌ನಲ್ಲಿ ಒಂದು ಫೋಟೊ ಇದ್ದೇ ಇರುತ್ತದೆ: ಕೆಂಪಗೆ ಬೆಳಗುವ ಗಾಜಿನ ಮೆಟ್ಟಿಲುಗಳ ಮೇಲೆ ಕೂತು ತೆಗೆಸಿಕೊಂಡದ್ದು. ಆ 27 ಮೆಟ್ಟಿಲುಗಳು ಅಸಲಿಗೆ ಒಂದು ಟಿಕೆಟ್ ಕಚೇರಿಯ ಚಾವಣಿ. ಅದರ ಕೆಳಗಿನ ಕಿಟಕಿಗಳಲ್ಲಿ ಆ ದಿನದ ಸಂಗೀತ ನಾಟಕ, ಹಾಸ್ಯ ನಾಟಕಗಳ ಉಳಿದ ಟಿಕೆಟ್‌ಗಳನ್ನು ಶೇ 20ರಿಂದ 50ರಷ್ಟು ಕಡಿಮೆ ಬೆಲೆಗೆ ಮಾರುತ್ತಾರೆ. ಹೆಸರು ಟಿಕೆಟಿಎಸ್. ಮಕ್ಕಳ ಮನೆಗೆಂದು ನ್ಯೂಜೆರ್ಸಿಗೆ ಹೋಗುವ ನಮ್ಮ ಅಪ್ಪ ಅಮ್ಮಂದಿರ ಪ್ರವಾಸದ ಪಟ್ಟಿಯಲ್ಲಿ ಲಿಬರ್ಟಿ ಪ್ರತಿಮೆ ಇರುತ್ತದೆ, ನಯಾಗರ ಇರುತ್ತದೆ. ಅಲ್ಲಿನ ನಾಟಕಗಳ ಬೀಡಾದ ಬ್ರಾಡ್‌ವೇ ಸಾಮಾನ್ಯವಾಗಿ ಇರುವುದಿಲ್ಲ. ವಿಪರೀತ ದುಬಾರಿ, ಅವರ ಇಂಗ್ಲಿಷ್ ನಮಗೆ ತಿಳಿಯುವುದಿಲ್ಲ ಎಂಬುದು ಅದಕ್ಕೆ ಕೊಡುವ ಕಾರಣ. ಎರಡರಲ್ಲೂ ಒಂದಿಷ್ಟು ಸತ್ಯವಿದೆ. ಆದರೆ ಎರಡಕ್ಕೂ ಉತ್ತರ ಆ ಮೆಟ್ಟಿಲುಗಳ ಕೆಳಗೇ ಇದೆ.

ದುಬಾರಿ ಯಾಕೆ ಎಂಬುದನ್ನು ಮೊದಲು ನೋಡಬೇಕು. ವಿಲಿಯಂ ಬಾಮೊಲ್ ಮತ್ತು ವಿಲಿಯಂ ಬೋವೆನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 1966ರಲ್ಲೇ ಇದನ್ನು ವಿವರಿಸಿದರು. ಕಾರ್ಖಾನೆಯಲ್ಲಿ ಯಂತ್ರ ಬಂದು ಕೆಲಸ ಚುರುಕಾಯಿತು; ಆದರೆ ನಾಲ್ವರು ನುಡಿಸುವ ಕೃತಿಗೆ ಇನ್ನೂರು ವರ್ಷಗಳ ಹಿಂದೆ ಬೇಕಿದ್ದಂತೆ ಇವತ್ತೂ ನಾಲ್ವರೇ ಬೇಕು, ಅಷ್ಟೇ ಹೊತ್ತು ಬೇಕು. ಊರಿನ ಸಂಬಳವೆಲ್ಲ ಏರುವಾಗ ಅವರ ಸಂಬಳವೂ ಏರಬೇಕು. ಹಾಗಾಗಿ ಜೀವಂತ ಪ್ರದರ್ಶನದ ಖರ್ಚು ಬೇರೆಲ್ಲದಕ್ಕಿಂತ ಮುಂದೆ ಓಡುತ್ತಲೇ ಇರುತ್ತದೆ. ಇವತ್ತು ಬ್ರಾಡ್‌ವೇ ಟಿಕೆಟಿನ ಸರಾಸರಿ ಬೆಲೆ 120 ಡಾಲರ್ ದಾಟಿರುವುದಕ್ಕೆ ದುರಾಸೆಯೊಂದೇ ಕಾರಣವಲ್ಲ. ಇದರ ಜೊತೆಗೆ ಇನ್ನೊಂದು ಸಂಕಟ: ಸಂಜೆ ಎಂಟಕ್ಕೆ ಪರದೆ ಎದ್ದ ಮೇಲೆ ಖಾಲಿ ಕುರ್ಚಿಗೆ ಬೆಲೆಯೇ ಇಲ್ಲ. ಕತ್ತಲಾದ ಮೇಲೆ ಉಳಿದ ಮಲ್ಲಿಗೆಯನ್ನು ಹೂವಾಡಗಿತ್ತಿ ಮೊಳಕ್ಕೆ ಅರ್ಧ ರೇಟಿಗೆ ಕೊಟ್ಟು ಬುಟ್ಟಿ ಬರಿದು ಮಾಡುತ್ತಾಳಲ್ಲ, ಟಿಕೆಟಿಎಸ್‌ನ ಲೆಕ್ಕವೂ ಅದೇ.

ಟಿಕೆಟಿಎಸ್ ಅನ್ನು ನಡೆಸುವುದು 1968ರಲ್ಲಿ ಹುಟ್ಟಿದ, ಲಾಭಕ್ಕಾಗಿ ಅಲ್ಲದ ಥಿಯೇಟರ್ ಡೆವಲಪ್‌ಮೆಂಟ್ ಫಂಡ್. ಟೈಮ್ಸ್ ಸ್ಕ್ವೇರ್ ಎಂದರೆ ಜನ ಮೂಗು ಮುರಿಯುತ್ತಿದ್ದ, ರಂಗಮಂದಿರಗಳು ಸೊರಗಿದ್ದ 1973ರ ಜೂನ್‌ನಲ್ಲಿ ಮೊದಲ ಕಿಟಕಿ ತೆರೆಯಿತು. ಇಂಗ್ಲೆಂಡಿನವರೂ ಇದನ್ನು ಕಲಿತು 1980ರಲ್ಲಿ ಲಂಡನ್ನಿನ ಲೆಸ್ಟರ್ ಸ್ಕ್ವೇರ್‌ನಲ್ಲಿ ಇಂಥದೇ ಕಿಟಕಿ ತೆರೆದರು.

ಚರಿತ್ರೆ ಅಷ್ಟು ಸಾಕು. ಕುತೂಹಲದ ಕಥೆ ಆ ಮೆಟ್ಟಿಲಿನದು. ಮೊದಲಿಗೆ ಇದ್ದದ್ದು ಒಂದು ಟ್ರೈಲರ್, ಅದರ ಸುತ್ತ ಕೊಳವೆಗಳ ಚೌಕಟ್ಟು, ಚೌಕಟ್ಟಿಗೆ ಬಿಗಿದ ಬಟ್ಟೆಯ ಮೇಲೆ ದಪ್ಪ ಅಕ್ಷರಗಳು. ತಾತ್ಕಾಲಿಕವೆಂದು ಕಟ್ಟಿದ್ದು ದಶಕಗಳ ಕಾಲ ಉಳಿಯಿತು. 1999ರಲ್ಲಿ ಹೊಸ ಕಿಟಕಿಯ ವಿನ್ಯಾಸಕ್ಕೆ ಸ್ಪರ್ಧೆ ಕರೆದಾಗ ನೂರಾರು ನಕ್ಷೆಗಳು ಬಂದವು. ಗೆದ್ದವರು ಆಸ್ಟ್ರೇಲಿಯಾದ ಜಾನ್ ಚೋಯ್ ಮತ್ತು ಟಾಯ್ ರೋಪಿಹ. ಸ್ಪರ್ಧೆ ಕೇಳಿದ ಪ್ರಶ್ನೆಯನ್ನೇ ಇವರು ಬದಲಿಸಿದರು. ಈ ಜಾಗಕ್ಕೆ ಬೇಕಿರುವುದು ಚೆಂದದ ಗೂಡಲ್ಲ, ಜನ ಕೂರುವ ಜಾಗ ಎಂದು ಚಾವಣಿಯನ್ನೇ ಮೆಟ್ಟಿಲಾಗಿಸಿದರು. ಭಾರ ಹೊರುವುದೂ ಗಾಜೇ ಆದ ಆ ಕಟ್ಟಡ ಮುಗಿದು ಬಳಕೆಗೆ ಬಂದದ್ದು 2008ರ ಅಕ್ಟೋಬರ್‌ನಲ್ಲಿ. ಇದರ ಜಾಣತನವಿರುವುದು ಅಂದದಲ್ಲಿ ಮಾತ್ರವಲ್ಲ. ಮೇಲೆ ಕೂತವನು ಬೀದಿಯನ್ನೇ ರಂಗವೆಂದು ನೋಡುತ್ತಾನೆ, ಬೀದಿಯಲ್ಲಿ ನಡೆಯುವವನಿಗೆ ಕೂತವರೇ ನಾಟಕ. ಟಿಕೆಟ್ ಮಾರುವ ಸಂಸ್ಥೆಯೊಂದು ಟಿಕೆಟ್ಟೇ ಇಲ್ಲದ ಪ್ರೇಕ್ಷಾಗೃಹವನ್ನು ಊರಿಗೆ ಬಿಟ್ಟುಕೊಟ್ಟಿದೆ. ವ್ಯಾಪಾರಿ ನಗರವೆಂದು ಹೆಸರಾದ ನ್ಯೂಯಾರ್ಕಿನ ನಟ್ಟನಡುವೆ ಇದು ಹೇಗೆ ಸಾಧ್ಯವಾಯಿತೆಂಬುದೇ ಆಶ್ಚರ್ಯ.

ಆಕ್ಷೇಪಗಳು ಇಲ್ಲದಿಲ್ಲ. ಅರ್ಧ ಬೆಲೆಗೆ ಕೊಟ್ಟರೆ ಪೂರ್ತಿ ಬೆಲೆ ಕೊಡುವವರು ಯಾರು ಎಂದು ಕೇಳಬಹುದು. ಆದರೆ ಇಂಥ ನಾಟಕವನ್ನೇ, ಇಂಥ ದಿನವೇ, ಮುಂದಿನ ಸಾಲಲ್ಲೇ ಕೂತು ನೋಡಬೇಕೆನ್ನುವವರು ತಿಂಗಳ ಮೊದಲೇ ಕೊಂಡಿರುತ್ತಾರೆ. ಕಿಟಕಿಗೆ ಬರುವವನು ಅಗ್ಗದ ಬೆಲೆ ಇಲ್ಲದಿದ್ದರೆ ಬಾರದೇ ಇರುತ್ತಿದ್ದವನು. ಹೆಸರಾಂತ ನಾಟಕಗಳು ಅಲ್ಲಿ ಸಿಗುವುದಿಲ್ಲ ಎಂಬ ದೂರೂ ಇದೆ. ನಿಜ, ‘ಹ್ಯಾಮಿಲ್ಟನ್’ ಬೇಕೆಂದು ಹೋದವರು ಬಹುಮಟ್ಟಿಗೆ ಬರಿಗೈಲಿ ಮರಳುತ್ತಾರೆ. ಆದರೆ ಬ್ರಾಡ್‌ವೇಯಲ್ಲಿ 41 ರಂಗಮಂದಿರಗಳಿವೆ. ಹೆಸರೇ ಕೇಳದ ನಾಟಕಕ್ಕೆ ಹೋಗುವ ಧೈರ್ಯ ಅರ್ಧ ಬೆಲೆಯಿಂದಲೇ ಬರುತ್ತದೆ. ಸರತಿಯಲ್ಲಿ ರಜೆಯ ಒಂದು ಗಂಟೆ ಹಾಳು ಎನ್ನುವವರಿಗೆ ಹೇಳಬಹುದಾದದ್ದು ಇಷ್ಟು: ಸಾಲಿನುದ್ದಕ್ಕೂ ಓಡಾಡುತ್ತ, ನಿಮ್ಮ ಅಭಿರುಚಿ ಕೇಳಿ ಇದು ಆಗಬಹುದು, ಅದು ಬೇಡ ಎನ್ನುವ ಸಂಸ್ಥೆಯವರಿದ್ದಾರೆ. ಏನು ನೋಡಲಿ ಎಂದು ತಿಳಿಯದ ಪರದೇಶಿಗೆ ಇದು ಸಣ್ಣ ಸಹಾಯವಲ್ಲ. ರೂಪಾಯಿಯಲ್ಲಿ ಗುಣಿಸಿದರೆ ಅರ್ಧ ಬೆಲೆಯೂ ಎದೆ ನಡುಗಿಸುತ್ತದೆ ಎಂಬ ಆಕ್ಷೇಪಕ್ಕೆ ಮಾತ್ರ ಸಮಾಧಾನದ ಉತ್ತರವಿಲ್ಲ.

ಇನ್ನು ಭಾಷೆ. ಇಲ್ಲಿ ಹಾಸ್ಯವನ್ನೂ ಸಂಗೀತವನ್ನೂ ಬೇರೆ ಮಾಡಿ ನೋಡಬೇಕು. ಗ್ರೀನಿಚ್ ವಿಲೇಜಿನ ಮ್ಯಾಕ್‌ಡೂಗಲ್ ಬೀದಿಯ ನೆಲಮಾಳಿಗೆಯಲ್ಲಿ 1982ರಿಂದ ನಡೆಯುತ್ತಿರುವ ಕಾಮಿಡಿ ಸೆಲ್ಲರ್‌ನಂಥ ಕಡೆ ನಗೆಗಾರ ಆಡುವುದು ನಿನ್ನೆಯ ಸುದ್ದಿ, ಸ್ಥಳೀಯ ಜಗಳ, ಪಕ್ಕದ ಬಡಾವಣೆಯ ಚಟ. ಉಚ್ಚಾರಣೆ ತಿಳಿದರೂ ಸಂದರ್ಭ ತಿಳಿಯದೆ ಹೊಸಬರು ಪಕ್ಕದವರ ಮುಖ ನೋಡಿಕೊಂಡು ನಗಬೇಕಾಗುತ್ತದೆ. ಟೈಮ್ಸ್ ಸ್ಕ್ವೇರಿನ ಬೀದಿಯಲ್ಲಿ ಖ್ಯಾತರ ಹೆಸರು ಹೇಳಿ ಹಾಸ್ಯದ ಟಿಕೆಟ್ ಕೈಗೆ ತುರುಕುವವರನ್ನಂತೂ ದೂರವಿಡುವುದೇ ಕ್ಷೇಮ. ಆದರೆ ‘ದ ಪ್ಲೇ ದಟ್ ಗೋಸ್ ರಾಂಗ್’ ತರಹದ ನಾಟಕಕ್ಕೆ ನಿಘಂಟು ಬೇಡ: ಗೋಡೆ ಕಳಚುತ್ತದೆ, ಬಾಗಿಲು ತೆರೆಯದು, ಸತ್ತವನು ಮಿಸುಕಾಡುತ್ತಾನೆ. ಸಂಗೀತ ನಾಟಕವಂತೂ ಕಂಪನಿ ನಾಟಕ ಕಂಡ ಕನ್ನಡಿಗರಿಗೆ ಪರಕೀಯವೇ ಅಲ್ಲ. ಮಾತಿನ ನಡುವೆ ಹಾಡು, ಕಣ್ಣು ಕೋರೈಸುವ ರಂಗಸಜ್ಜಿಕೆ ಎಲ್ಲವೂ ನಮ್ಮಲ್ಲಿದ್ದವೇ. ಸ್ವತಃ ಹಾಸ್ಯನಟರಾಗಿದ್ದ ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆಯನ್ನೇ ರಂಗಕ್ಕೆ ತಂದರು. ಬ್ರಾಡ್‌ವೇಯ ‘ಲಯನ್ ಕಿಂಗ್’ನಲ್ಲಿ ನಿರ್ದೇಶಕಿ ಜೂಲಿ ಟೇಮರ್ ಕಟ್ಟಿಸಿದ ಆನೆ ಪ್ರೇಕ್ಷಕರ ನಡುವಿನ ದಾರಿಯಲ್ಲೇ ನಡೆದು ಬರುತ್ತದೆ, ಅದರ ಒಂದೊಂದು ಕಾಲಿನಲ್ಲೂ ಒಬ್ಬೊಬ್ಬ ಕಲಾವಿದ. ನಿಜವಾದ ಆನೆ ಬಂದಾಗಲೂ, ಕಲಾವಿದರು ಹೊತ್ತ ಆನೆ ಬಂದಾಗಲೂ ಸಭೆ ಉಸಿರು ಬಿಗಿಹಿಡಿದದ್ದಕ್ಕೆ ಕಾರಣ ಒಂದೇ: ಅದು ಅಲ್ಲೇ, ಆಗಲೇ ನಡೆಯುತ್ತಿತ್ತು.

ಮೊಬೈಲ್‌ನಲ್ಲೇ ರಿಯಾಯಿತಿಯಲ್ಲೋ ಲಾಟರಿಯಲ್ಲೋ ನಾಟಕದ ಟಿಕೆಟ್ ಸಿಗುವ ಈ ಕಾಲದಲ್ಲಿ ಸರತಿಯಲ್ಲಿ ನಿಲ್ಲುವ ಅಗತ್ಯ ಕಡಿಮೆಯಾಗುತ್ತಿದೆ. ಆದರೆ ಸಾಲಿನಲ್ಲಿ ಮುಂದೆ ನಿಂತವರು ನಿನ್ನೆ ನೋಡಿದ್ದನ್ನು ಹೊಗಳಿ, ಹಿಂದೆ ನಿಂತವರು ತೆಗಳಿ, ಕಿಟಕಿ ತಲುಪುವ ಹೊತ್ತಿಗೆ ಮನಸ್ಸು ಬದಲಾಗುವ ಸುಖ ಮೊಬೈಲ್‌ನಲ್ಲಿ ಸಿಗದು. ನಮ್ಮಲ್ಲಿ ಆ ಸಾಲೂ ಇಲ್ಲ. ಬೆಂಗಳೂರಿನಲ್ಲಿ ರವೀಂದ್ರ ಕಲಾಕ್ಷೇತ್ರವಿದೆ, ರಂಗಶಂಕರವಿದೆ, ಕಲಾಗ್ರಾಮವಿದೆ. ಟಿಕೆಟಿನ ಬೆಲೆಯೂ ಬ್ರಾಡ್‌ವೇಯ ಹತ್ತಿರಕ್ಕೆ ಸುಳಿಯುವುದಿಲ್ಲ. ಆದರೆ ದಸರಾ ರಜೆಗೆ ಶಿವಮೊಗ್ಗದಿಂದಲೋ ರಾಯಚೂರಿನಿಂದಲೋ ಬಂದು ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದ ಕುಟುಂಬಕ್ಕೆ ಇವತ್ತು ಸಂಜೆ ಎಲ್ಲಿ ಯಾವ ನಾಟಕ, ಎಷ್ಟು ಕುರ್ಚಿ ಉಳಿದಿವೆ ಎಂದು ಹೇಳುವ ಒಂದು ಹಲಗೆ ಕಣ್ಣಿಗೆ ಬೀಳುವುದಿಲ್ಲ. ಅವರು ಲಾಲ್‌ಬಾಗ್ ನೋಡಿ, ಮಾಲ್ ಸುತ್ತಿ, ರಾತ್ರಿ ಬಸ್ಸಿಗೆ ಊರಿಗೆ ಮರಳುತ್ತಾರೆ.